ಕಳೆ ಕೀಳಲಾಗದ ಹೊಲ

ಚಪ್ಪಲಿಯನ್ನು ಹೊರಗೆ ಬಿಡಬೇಕೆಂದು ಗೊತ್ತಿತ್ತು. ಒಳಗೆ ಕೊಟ್ಟ ಚಪ್ಪಲಿಯನ್ನೂ ಹತ್ತು ಹೆಜ್ಜೆ ಆಚೆ ಇನ್ನೊಂದು ಬಾಗಿಲಲ್ಲಿ ಬಿಟ್ಟು ಬೇರೊಂದು ಜೊತೆ ಹಾಕಿಕೊಳ್ಳಬೇಕೆಂದು ಗೊತ್ತಿರಲಿಲ್ಲ. ಮೈಗೆ ಬಿಳಿ ಕೋಟು, ತಲೆಗೆ ಟೋಪಿ, ಬಾಯಿಗೆ ಮಾಸ್ಕು. ಗಡಿಯಾರ, ಉಂಗುರ ಬಿಚ್ಚಿ ಒಂದು ಟ್ರೇಗೆ ಹಾಕಿದೆ. ಫೋನೂ ಅಲ್ಲೇ ಉಳಿಯಿತು. ನನ್ನ ನೋಟ್ ಪುಸ್ತಕವನ್ನು ನೋಡಿ ಲ್ಯಾಬಿನ ಮೇಡಂ ತಲೆಯಾಡಿಸಿದರು. "ಪುಸ್ತಕ ಬೇಡ ಸರ್, ಧೂಳು ಇರುತ್ತೆ. ಹಾಳೆ ನಾನೇ ಕೊಡ್ತೀನಿ." ಕೈಯನ್ನು ಮೊಣಕೈವರೆಗೆ ತೊಳೆಸಿದರು. ನಮ್ಮ ಅಜ್ಜಿ ಮಡಿಯುಟ್ಟು ಅಡುಗೆಮನೆಗೆ ಹೋಗುವಾಗ ನಾವು ಮಕ್ಕಳು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದುದು ನೆನಪಾಯಿತು. ಇಲ್ಲಿ ಒತ್ತಿಕೊಂಡು ನಿಲ್ಲಬೇಕಾದವನು ನಾನೇ.

ಬಯಲುಸೀಮೆಯ ಒಂದು ಊರಿನ ಅಂಚಿನಲ್ಲಿರುವ ಚಿಕ್ಕ ಪ್ರಯೋಗಾಲಯ ಅದು. ಕಡಲೆಕಾಯಿ, ತೊಗರಿ, ಅಲಸಂದೆಗೆ ಬೇಕಾದ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ಜೈವಿಕ ಗೊಬ್ಬರ ಮಾಡುತ್ತಾರೆ. ಬಿತ್ತನೆಯ ದಿನ ಬೆಲ್ಲದ ನೀರು ಬೆರೆಸಿ ಬೀಜಕ್ಕೆ ಹಚ್ಚುವ ಕಪ್ಪು ಪುಡಿ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಆ ಪುಡಿಯೊಳಗಿನ ಜೀವಿ ಬೇರಿನಲ್ಲಿ ಗಂಟು ಕಟ್ಟಿಕೊಂಡು ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ದಕ್ಕಿಸಿಕೊಡುತ್ತದೆ. ಇಷ್ಟು ನನಗೂ ಗೊತ್ತಿತ್ತು. ಆ ಒಂದೇ ಜೀವಿಯನ್ನು, ಬೇರೆ ಯಾವುದೂ ಬೆರೆಯದಂತೆ, ಲೀಟರುಗಟ್ಟಲೆ ಬೆಳೆಸುವುದು ಹೇಗೆ ಎಂದು ನೋಡಲು ಬಂದಿದ್ದೆ.

ಇದರಲ್ಲಿ ಕಷ್ಟವೇನು ಎಂಬ ಸಣ್ಣ ಉಡಾಫೆ ನನ್ನಲ್ಲಿ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿ ದಿನವೂ ಹಾಲಿಗೆ ಹೆಪ್ಪು ಹಾಕುವುದಿಲ್ಲವೇ? ಬಾಗಿಲಲ್ಲೇ ಕೇಳಿಬಿಟ್ಟೆ. ಮೇಡಂ ನಕ್ಕರು. ಹೆಪ್ಪಿನಲ್ಲಿರುವ ಜೀವಿಗಳು ಬೇಗ ಬೆಳೆಯುತ್ತವೆ, ಹುಳಿ ಮಾಡುತ್ತವೆ, ಆ ಹುಳಿಯಲ್ಲಿ ಬೇರೆಯವು ಬದುಕುವುದು ಕಷ್ಟ. ಮೊಸರು ತನ್ನ ಕಾವಲನ್ನು ತಾನೇ ಕಾಯ್ದುಕೊಳ್ಳುತ್ತದೆ. ಕಡಲೆಕಾಯಿಯ ರೈಜೋಬಿಯಂಗೆ ಆ ಶಕ್ತಿಯಿಲ್ಲ. ಅದು ನಿಧಾನಿ. ಒಂದು ಎರಡಾಗಲು ಏಳೆಂಟು ಗಂಟೆ ಬೇಕು. ಗಾಳಿಯ ಧೂಳಿನಲ್ಲಿ ಬರುವ ಕೆಲವು ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ.

ಕೊಟ್ಟ ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕಿದೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಹದಿನೈದು ಗಂಟೆಯಲ್ಲಿ 30 ಸಲ. ಒಂದೇ ಒಂದು ಕೋಶ ನುಸುಳಿದ್ದರೂ ಅದು 107 ಕೋಟಿಯಷ್ಟಾಗುತ್ತದೆ. ಅಷ್ಟು ಹೊತ್ತಿಗೆ ನಮ್ಮ ರೈಜೋಬಿಯಂನ ಒಂದು ಕೋಶ ನಾಲ್ಕಾಗಿರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಪಾತ್ರೆಯಲ್ಲಿ ಆಹಾರ, ಆಮ್ಲಜನಕ ಮುಗಿಯುತ್ತಾ ಬರುವುದರಿಂದ ಯಾವುದೂ ಹೀಗೆ ಕೊನೆಯವರೆಗೂ ಓಡುವುದಿಲ್ಲ. ಆದರೂ ಓಟದಲ್ಲಿ ಯಾರು ಮುಂದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. "ನಿಮ್ಮ ಹೊಲದಲ್ಲಿ ಕಳೆ ಬಂದರೆ ಕೀಳ್ತೀರಿ. ನಮ್ಮದರಲ್ಲಿ ಕೀಳೋಕಾಗಲ್ಲ. ಇಡೀ ಹೊಲವನ್ನೇ ಬೇಯಿಸಿ ಚೆಲ್ಲಬೇಕು" ಎಂದರು ಮೇಡಂ. ಆ ಮಾತು ಇಡೀ ದಿನ ನನ್ನ ಹಿಂದೆಯೇ ಬಂತು.

ಮೊದಲ ಕೋಣೆ ತೊಳೆಯುವ ಕೋಣೆ. ಗಾಜಿನ ಫ್ಲಾಸ್ಕುಗಳು ಸಾಲಾಗಿ ತಲೆಕೆಳಗಾಗಿ ನಿಂತಿದ್ದವು. ನೋಡಲು ಹೆಚ್ಚೇನೂ ಇರಲಿಲ್ಲ. ಹಿರಿಯರೊಬ್ಬರು ಬ್ರಷ್ ಹಾಕಿ ತಿಕ್ಕುತ್ತಿದ್ದರು. ಸೋಪು ಉಳಿದರೆ ಬೆಳೆಸಬೇಕಾದ ಜೀವಿಗೇ ಕೇಡು, ಹಾಗಾಗಿ ಕೊನೆಯ ಜಾಲನೆ ಡಿಸ್ಟಿಲ್ಡ್ ನೀರಿನಲ್ಲಿ.

ಪಕ್ಕದ್ದು ಮೀಡಿಯಾ ಕೋಣೆ. ಮೀಡಿಯಾ ಎಂದರೆ ಬ್ಯಾಕ್ಟೀರಿಯಾದ ಊಟ. ತಕ್ಕಡಿಯ ಪಕ್ಕದ ಗೋಡೆಗೆ ಅಡುಗೆ ಚೀಟಿಯಂತೆ ಅಳತೆ ಅಂಟಿಸಿದ್ದರು. ಒಂದು ಲೀಟರ್ ನೀರಿಗೆ 10 ಗ್ರಾಂ ಮ್ಯಾನಿಟಾಲ್, ಚಿಟಿಕೆ ಲೆಕ್ಕದಲ್ಲಿ ಯೀಸ್ಟ್ ಸಾರ, ಒಂದಷ್ಟು ಲವಣಗಳು. ಯೀಸ್ಟ್ ಸಾರದ ಡಬ್ಬಿಯ ಮುಚ್ಚಳ ತೆಗೆದಾಗ ಬಂದ ವಾಸನೆ ಹುರಿದ ಹಿಟ್ಟಿನದೋ, ಹಳೆಯ ಬ್ರೆಡ್ಡಿನದೋ ತೀರ್ಮಾನಿಸಲಾಗಲಿಲ್ಲ. ಪ್ಲೇಟುಗಳಿಗೆ ಹಾಕುವ ಮೀಡಿಯಾ ಗಟ್ಟಿಯಾಗಬೇಕಲ್ಲ, ಅದಕ್ಕೆ ಅಗರ್ ಬೆರೆಸುತ್ತಾರೆ. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ, ನಾವು ಹಾಲಿಗೆ ಹಾಕಿ ಜೆಲ್ಲಿ ಮಾಡುವ ಅದೇ ಕಡಲ ಪಾಚಿಯ ಸಾರ. 1880ರ ದಶಕದ ಆರಂಭದಲ್ಲಿ ಜರ್ಮನಿಯ ಒಂದು ಪ್ರಯೋಗಾಲಯದಲ್ಲಿ ಜೆಲಟಿನ್ ಸೆಕೆಗೆ ಕರಗಿ ನೀರಾಗುತ್ತಿದ್ದಾಗ, ಸಂಶೋಧಕರೊಬ್ಬರ ಪತ್ನಿ ತಮ್ಮ ಅಡುಗೆಮನೆಯ ಅಗರ್ ಬಳಸಲು ಸೂಚಿಸಿದರು. ಅಗರ್ ಒಮ್ಮೆ ಗಟ್ಟಿಯಾದರೆ ಕುದಿಯುವ ಹತ್ತಿರದ ಬಿಸಿಗೆ ಹೋಗುವವರೆಗೆ ಕರಗದು. ಬೆರಕೆಯಿಲ್ಲದ ಒಂದೇ ಬಗೆಯ ಜೀವಿಯನ್ನು ಬೇರ್ಪಡಿಸಿ ನೋಡುವ ವಿದ್ಯೆಗೆ ಗಟ್ಟಿ ನೆಲ ಸಿಕ್ಕಿದ್ದು ಹೀಗೆ.

ಫ್ಲಾಸ್ಕುಗಳ ಬಾಯಿಗೆ ಹತ್ತಿಯ ಬಿರಡೆ ಕಟ್ಟುತ್ತಿದ್ದರು. ಸಾಮಾನ್ಯ ಹತ್ತಿ ಅಲ್ಲ, ನೀರು ಹೀರದ ಹತ್ತಿ. ಗಾಳಿ ಅದರೊಳಗಿಂದ ಹೋಗುತ್ತದೆ, ಗಾಳಿಯಲ್ಲಿರುವ ಜೀವಿಗಳು ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬಿರಡೆ ಒದ್ದೆಯಾದರೆ ಆಟ ಮುಗಿಯಿತು. ಒದ್ದೆ ಹತ್ತಿಯಲ್ಲಿ ಜೀವಿಗಳು ಬೆಳೆದುಕೊಂಡೇ ಒಳಗೆ ಇಳಿಯುತ್ತವೆ. ಅದಕ್ಕೇ ಪ್ರತಿ ಬಿರಡೆಯ ಮೇಲೂ ಕಾಗದ ಸುತ್ತಿ ದಾರ ಬಿಗಿದಿದ್ದರು.

ಆಟೋಕ್ಲೇವ್ ಇದ್ದ ಕೋಣೆ ಸೆಕೆಯಿಂದ ಧಗಧಗಿಸುತ್ತಿತ್ತು. ಆಳೆತ್ತರದ ಸ್ಟೀಲ್ ಹಂಡೆ, ಮುಚ್ಚಳದ ಸುತ್ತ ತಿರುಪು. ನಮ್ಮ ಕುಕ್ಕರಿನ ದೊಡ್ಡಣ್ಣ ಎಂದುಕೊಂಡೆ. ತಪ್ಪೇನೂ ಇರಲಿಲ್ಲ. ಚದರ ಇಂಚಿಗೆ 15 ಪೌಂಡ್ ಒತ್ತಡ, 121 ಡಿಗ್ರಿ ಸೆಲ್ಸಿಯಸ್, 15ರಿಂದ 20 ನಿಮಿಷ. ಬರಿ ಕುದಿಸಿದರೆ ಸಾಲದೇ ಎಂದೆ. ಸಾಲದು. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲಕ್ಕೆ ಗಟ್ಟಿ ಕವಚದ ಬೀಜಾಣುಗಳಾಗಿ ಮಲಗಿಬಿಡುತ್ತವೆ. 100 ಡಿಗ್ರಿಯಲ್ಲಿ ಕುದಿದರೂ ಅವು ಸಾಯದೆ, ನೀರು ಆರಿದ ಮೇಲೆ ಎದ್ದು ಕೂರುತ್ತವೆ.

ಆಪರೇಟರ್ ಒಂದು ಕೊಳಾಯಿಯನ್ನು ತೆರೆದೇ ಇಟ್ಟಿದ್ದರು. ಹಬೆ ಬುಸುಗುಟ್ಟುತ್ತಿತ್ತು. ಹೀಗೆ ಸುಮ್ಮನೆ ಪೋಲು ಮಾಡುತ್ತೀರಲ್ಲ ಎಂದು ಕೇಳಿಬಿಟ್ಟೆ. "ಕುಕ್ಕರಿಗೆ ವೆಯ್ಟ್ ಯಾವಾಗ ಹಾಕ್ತಾರೆ ಸರ್ ಮನೇಲಿ?" ಎಂದು ತಿರುಗಿ ಕೇಳಿದರು. ಹಬೆ ಜೋರಾಗಿ ಬಂದ ಮೇಲೆ. ಏಕೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಬೇಕು. ಗಾಳಿ ಉಳಿದುಕೊಂಡರೆ ಮುಳ್ಳು 15 ಪೌಂಡ್ ತೋರಿಸುತ್ತದೆ, ಒಳಗಿನ ಬಿಸಿ ಮಾತ್ರ 121ಕ್ಕೆ ಏರಿರುವುದಿಲ್ಲ. ಮುಳ್ಳನ್ನು ನಂಬಿದವನು ಕೆಟ್ಟ. ಹಾಗೆಯೇ ಫ್ಲಾಸ್ಕುಗಳನ್ನು ಒತ್ತೊತ್ತಾಗಿ ತುರುಕಿದರೂ ನಡುವಿನದಕ್ಕೆ ಹಬೆ ಮುಟ್ಟುವುದಿಲ್ಲ.

ಹೊರಗೆ ಬಂದ ಪೊಟ್ಟಣಗಳ ಮೇಲಿನ ಟೇಪಿನಲ್ಲಿ ಕಪ್ಪು ಪಟ್ಟೆಗಳು ಮೂಡಿದ್ದವು. ಆಯಿತು, ಶುದ್ಧವಾಯಿತು ಅಂದುಕೊಂಡೆ. ಆ ಪಟ್ಟೆ ಹೇಳುವುದು ಈ ಪೊಟ್ಟಣ ಬಿಸಿ ಕಂಡಿದೆ ಎಂದಷ್ಟೇ. ನಿಜವಾದ ಪರೀಕ್ಷೆಗೆ ಬಿಸಿಯನ್ನು ಬಹಳ ತಡೆಯುವ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳಿರುವ ಚಿಕ್ಕ ಶೀಸೆಯನ್ನು ಸಾಮಾನಿನ ನಡುವೆ ಇಟ್ಟು ಬೇಯಿಸಿ, ಆಮೇಲೆ ಅದು ಬೆಳೆಯುತ್ತದೆಯೇ ನೋಡುತ್ತಾರೆ. ಅತ್ಯಂತ ಗಟ್ಟಿ ಪಿಂಡವೇ ಸತ್ತಿದ್ದರೆ ಉಳಿದವುಗಳ ಚಿಂತೆಯಿಲ್ಲ.

ಮುಂದೆ ತಳಿ ಇಡುವ ಜಾಗ. ಅಂಥ ಘನವಾದ ಉಗ್ರಾಣವೇನಲ್ಲ, ಒಂದು ಫ್ರಿಜ್ಜು ಮತ್ತು ಪಕ್ಕದಲ್ಲಿ ಡೀಪ್ ಫ್ರೀಜರ್. ಫ್ರಿಜ್ಜಿನಲ್ಲಿ ಓರೆಯಾಗಿ ಹೆಪ್ಪುಗಟ್ಟಿದ ಅಗರ್ ಇರುವ ಗಾಜಿನ ಕೊಳವೆಗಳು, ಅವಕ್ಕೆ ಸ್ಲ್ಯಾಂಟ್ ಎನ್ನುತ್ತಾರೆ. ಫ್ರೀಜರಿನಲ್ಲಿ ಗ್ಲಿಸರಾಲ್ ಬೆರೆಸಿದ ಪುಟ್ಟ ಶೀಸೆಗಳು. ನಾನು ಅಲ್ಲಿ ಕಂಡ ಜಾಣತನವೆಂದರೆ, ಮೂಲ ತಳಿಯನ್ನು ದಿನದ ಕೆಲಸಕ್ಕೆ ಮುಟ್ಟುವುದಿಲ್ಲ. ಮೂಲದಿಂದ ಒಂದಷ್ಟು ಪ್ರತಿ ಮಾಡಿಟ್ಟು, ಆ ಪ್ರತಿಗಳಿಂದಲೇ ಒಂದೊಂದು ಸಲದ ಕೆಲಸ. ಪ್ರತಿ ಕೆಟ್ಟರೆ ಮೂಲಕ್ಕೆ ಹೋಗಬಹುದು. ರೈತ ಬಿತ್ತನೆ ಬೀಜವನ್ನು ಊಟದ ಕಾಳಿನಿಂದ ಬೇರೆ ಇಡುವ ಹಾಗೆ.

ಈ ತಳಿ ಮೊದಲು ಎಲ್ಲಿಂದ ಬಂತು? ಗಿಡದ ಬೇರಿನ ಗಂಟಿನಿಂದಲೇ. ಚೆನ್ನಾಗಿ ಬೆಳೆದ ಗಿಡ ಕಿತ್ತು, ಗಂಟನ್ನು ತೊಳೆದು, ಹೊರಮೈಯನ್ನು ಸ್ಪಿರಿಟ್ಟಿನಲ್ಲೂ ಬ್ಲೀಚಿನಂಥ ದ್ರಾವಣದಲ್ಲೂ ಅದ್ದಿ, ಶುದ್ಧ ನೀರಿನಲ್ಲಿ ಹಲವು ಸಲ ಜಾಲಿಸಿ, ಆಮೇಲೆ ಒಡೆದು ಒಳಗಿನ ರಸದಿಂದ ಪ್ಲೇಟಿನ ಮೇಲೆ ಗೆರೆ ಎಳೆಯುತ್ತಾರೆ. ಹಾಲೆಂಡಿನಲ್ಲಿ 1888ರಲ್ಲಿ ಗಂಟಿನಿಂದ ಈ ಬ್ಯಾಕ್ಟೀರಿಯಾವನ್ನು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದ್ದರು. ಮಣ್ಣಿನಿಂದ ಕಿತ್ತ ಗಂಟಿನ ಒಳಗೆ ಹೆಚ್ಚುಕಡಿಮೆ ಒಂದೇ ಬಗೆಯ ಜೀವಿ ಇರುವುದು ಹೇಗೆ ಎಂಬ ಪ್ರಶ್ನೆ ಆಗಲೇ ನನ್ನ ತಲೆಗೆ ಬರಬೇಕಿತ್ತು. ಬರಲಿಲ್ಲ.

ಈಗ ಎಲ್ಲಕ್ಕಿಂತ ಬಿಗಿಯಾದ ಕೋಣೆ. ಬಾಗಿಲ ಗಾಜಿನೊಳಗೆ ನೀಲಿ ನೇರಳೆ ಬೆಳಕು. ಅಲ್ಟ್ರಾವಯಲೆಟ್ ದೀಪ, ಕೆಲಸಕ್ಕೆ ಮೊದಲು ಅರ್ಧ ಗಂಟೆ ಉರಿಸಿ, ಮನುಷ್ಯರು ಒಳಗೆ ಹೋಗುವ ಮುಂಚೆ ಆರಿಸುತ್ತಾರೆ. ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು. ಧೂಳು ಮುಚ್ಚಿದ ಜಾಗ, ನೆರಳು ಬಿದ್ದ ಮೂಲೆ ಅದಕ್ಕೆ ದಕ್ಕುವುದಿಲ್ಲವಾದ್ದರಿಂದ ಒರೆಸುವ ಕೆಲಸ ತಪ್ಪುವುದಿಲ್ಲ. ಒರೆಸಲು ಶೇಕಡಾ 70ರ ಆಲ್ಕೊಹಾಲ್. ಅಪ್ಪಟ ಆಲ್ಕೊಹಾಲ್ ಇನ್ನೂ ಒಳ್ಳೆಯದಲ್ಲವೇ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ಕೋಶದ ಪ್ರೋಟೀನನ್ನು ಕೆಡಿಸಲು ನೀರೂ ಬೇಕು, ಅಪ್ಪಟದ್ದು ಬೇಗ ಆವಿಯಾಗಿ ಹೋಗುತ್ತದೆ. ಬೀಜಾಣುಗಳನ್ನು ಮಾತ್ರ ಎರಡೂ ಕೊಲ್ಲುವುದಿಲ್ಲ.

ಒಳಗೆ ಲ್ಯಾಮಿನಾರ್ ಫ್ಲೋ ಎಂಬ ಮೇಜು. ಹಿಂಬದಿಯ ಗೋಡೆಯೇ ಒಂದು ಫಿಲ್ಟರ್. 0.3 ಮೈಕ್ರಾನ್ ಗಾತ್ರದ ಹತ್ತು ಸಾವಿರ ಕಣಗಳು ಬಂದರೆ ಮೂರು ದಾಟಬಹುದು, ಅಷ್ಟೇ. ಅದರಿಂದ ಸೋಸಿದ ಗಾಳಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಕೂತವರ ಕಡೆಗೆ ಬೀಸುತ್ತಿರುತ್ತದೆ. ಮುಖಕ್ಕೆ ತಣ್ಣಗೆ ತಾಗಿತು. ಮೇಡಂ ಸ್ಪಿರಿಟ್ ಆರುವವರೆಗೆ ಕೈಗಳನ್ನು ಗಾಳಿಯಲ್ಲಿ ಹಿಡಿದಿದ್ದು ಆಮೇಲೆ ದೀಪ ಹಚ್ಚಿದರು. ತಂತಿಯ ಕುಣಿಕೆಯನ್ನು ಕೆಂಪಗೆ ಕಾಯಿಸಿದರು, ಆರಲು ಬಿಟ್ಟರು. ಸ್ಲ್ಯಾಂಟಿನ ಬಿರಡೆಯನ್ನು ಕಿರುಬೆರಳಲ್ಲಿ ಹಿಡಿದುಕೊಂಡರೇ ಹೊರತು ಮೇಜಿನ ಮೇಲೆ ಇಡಲಿಲ್ಲ. ಕೊಳವೆಯ ಬಾಯಿಯನ್ನು ಜ್ವಾಲೆಗೆ ತೋರಿಸಿ, ಓರೆಯಾಗಿ ಹಿಡಿದು, ಒಂದು ಸೋಂಕು ತೆಗೆದು ಫ್ಲಾಸ್ಕಿಗೆ ಇಳಿಸಿ, ಮತ್ತೆ ಬಾಯಿ ಸುಟ್ಟು ಮುಚ್ಚಿದರು. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. ಮಾತಿಲ್ಲ.

ನಾನು ಮಾಡಿದ ಎಡವಟ್ಟು ಇಲ್ಲಿಯೇ. ಒಂದು ಪ್ಲೇಟ್ ತೆರೆದಿತ್ತು. "ಇದೇನು ಕೆಂಪಗೆ?" ಎನ್ನುತ್ತಾ ಅದರ ಹಿಂದಿದ್ದ ಶೀಸೆಯ ಕಡೆಗೆ ಕೈ ಚಾಚಿದೆ. ಮೇಡಂ ಏನೂ ಹೇಳದೆ ಪ್ಲೇಟಿಗೆ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದರು. ಗಾಳಿ ಬರುವ ದಿಕ್ಕಿಗೂ ಪ್ಲೇಟಿಗೂ ನಡುವೆ ನನ್ನ ತೋಳು ಬಂದಿತ್ತು. ತೋಳಿನ ಮೇಲೆ ಹಾದು ಬಂದ ಗಾಳಿ ತೋಳಿನದನ್ನೆಲ್ಲ ಪ್ಲೇಟಿಗೆ ಇಳಿಸಿರುತ್ತದೆ. "ಏನೂ ಆಗದೇ ಇರಬಹುದು. ಆದ್ರೆ ಗೊತ್ತಾಗೋಕೆ ಎರಡು ದಿನ ಬೇಕು" ಎಂದರು. ಅಜ್ಜಿಯ ಮಡಿ ಕೆಟ್ಟಿತೋ ಇಲ್ಲವೋ ಎಂಬುದು ಅಜ್ಜಿಯ ತೀರ್ಮಾನಕ್ಕೆ ಬಿಟ್ಟದ್ದಾಗಿತ್ತು. ಇಲ್ಲಿ ಪ್ಲೇಟೇ ಸಾಕ್ಷಿ ಹೇಳುತ್ತದೆ, ಯಾರ ಮುಲಾಜೂ ಇಲ್ಲ.

ಶೇಕರ್ ಕೋಣೆಯಲ್ಲಿ ಫ್ಲಾಸ್ಕುಗಳು ಒಂದೇ ತಾಳದಲ್ಲಿ ಸುತ್ತುತ್ತಿದ್ದವು. 28 ಡಿಗ್ರಿಯ ಹದವಾದ ಬಿಸುಪು. ಸ್ಲ್ಯಾಂಟಿನಿಂದ ಚಿಕ್ಕ ಫ್ಲಾಸ್ಕು, ಅದರಿಂದ ದೊಡ್ಡ ಫ್ಲಾಸ್ಕು, ಅದರಿಂದ ಫರ್ಮೆಂಟರ್. ನಮ್ಮ ಕಡೆ ರಾಗಿಗೆ ಒಟ್ಟಲು ಬಿಟ್ಟು, ಪೈರು ಬಲಿತ ಮೇಲೆ ಹೊಲಕ್ಕೆ ನಾಟಿ ಮಾಡುವ ಕ್ರಮವೇ. ನೇರವಾಗಿ ದೊಡ್ಡ ಪಾತ್ರೆಗೆ ಒಂದು ಹನಿ ಹಾಕಿದರೆ ಅದು ತುಂಬಿಕೊಳ್ಳುವಷ್ಟರಲ್ಲಿ ಕಳೆಗೆ ದಿನಗಟ್ಟಲೆ ಅವಕಾಶ. ಪಾತ್ರೆಯ ಶೇಕಡಾ ಐದರಿಂದ ಹತ್ತರಷ್ಟು ಬಲಿತ ಪೈರನ್ನೇ ಸುರಿದರೆ ಜಾಗ ಬೇಗ ಹಿಡಿಯುತ್ತದೆ. ಆದರೆ ಪ್ರತಿ ನಾಟಿಯಲ್ಲೂ ಬಾಯಿ ತೆರೆಯಬೇಕು, ಪ್ರತಿ ಬಾಯಿಯೂ ಒಂದು ಅಪಾಯ. ಅದಕ್ಕೇ ಪ್ರತಿ ಹಂತದಲ್ಲೂ ಒಂದು ಹನಿಯನ್ನು ಸೂಕ್ಷ್ಮದರ್ಶಕಕ್ಕೆ ಹಾಕದೆ ಮುಂದಕ್ಕೆ ಕಳಿಸುವುದಿಲ್ಲ.

ಫರ್ಮೆಂಟರ್ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಸೊಂಟದೆತ್ತರದ ಸ್ಟೀಲ್ ಪಾತ್ರೆ, ಮೂವತ್ತು ಲೀಟರಿನದಂತೆ. ಅದರ ಸುತ್ತ ಪೈಪುಗಳ ಕಾಡು. ಯಾವ ಪೈಪು ಎಲ್ಲಿಗೆ ಹೋಗುತ್ತದೆಂದು ಹಾಳೆಯಲ್ಲಿ ಬಿಡಿಸಲು ಹೊರಟು ಎರಡು ಸಲ ಸೋತೆ. ನನಗೆ ದಕ್ಕಿದ್ದು ಇಷ್ಟು.

ಪಾತ್ರೆಗೆ ಮೀಡಿಯಾ ತುಂಬಿದ ಮೇಲೆ ಅಲ್ಲೇ ಹಬೆ ಕೊಟ್ಟು 121 ಡಿಗ್ರಿಗೆ ಬೇಯಿಸುತ್ತಾರೆ. ಅಪಾಯ ಬೇಯಿಸುವಾಗ ಇಲ್ಲ, ಆರಿಸುವಾಗ ಇದೆ. ಹಬೆ ತಣಿದು ನೀರಾದಂತೆ ಒಳಗೆ ಒತ್ತಡ ಇಳಿಯುತ್ತದೆ, ಪಾತ್ರೆ ಹೊರಗಿನ ಗಾಳಿಯನ್ನು ಎಳೆದುಕೊಳ್ಳಲು ನೋಡುತ್ತದೆ. ಎಲ್ಲೋ ಒಂದು ರಬ್ಬರ್ ರಿಂಗ್ ಸವೆದಿದ್ದರೆ ಸಾಕು. ಹಾಗಾಗಿ ಆರಲು ಶುರುವಾದ ಕೂಡಲೇ 0.2 ಮೈಕ್ರಾನ್ ಫಿಲ್ಟರಿನ ಮೂಲಕ ಸೋಸಿದ ಗಾಳಿಯನ್ನು ಒಳಕ್ಕೆ ಒತ್ತಿ, ಮುಂದೆ ಇಡೀ ಅವಧಿಗೂ ಒಳಗಿನ ಒತ್ತಡವನ್ನು ಹೊರಗಿಗಿಂತ ಸ್ವಲ್ಪ ಹೆಚ್ಚೇ ಇಡುತ್ತಾರೆ. ಸೋರಿದರೆ ಒಳಗಿನಿಂದ ಹೊರಕ್ಕೆ ಸೋರಲಿ ಎಂಬ ಲೆಕ್ಕ.

ಕಲಕುವ ದಂಡ ಪಾತ್ರೆಯೊಳಕ್ಕೆ ಹೋಗುವ ಜಾಗದಲ್ಲಿ ಸೀಲ್. ತಿರುಗುವ ವಸ್ತುವೂ ನಿಂತ ವಸ್ತುವೂ ಸೇರುವ ಜಾಗ, ಸವೆಯುವುದು ಮೊದಲು ಅಲ್ಲೇ. ಇನ್ನೊಂದು ಕೇಡಿನ ಮೂಲೆ ಎಂದರೆ ಪೈಪಿನ ಕವಲು. ಉದ್ದವಾದ ಮೊಂಡು ಕವಲಿನಲ್ಲಿ ದ್ರವ ನಿಂತುಬಿಟ್ಟರೆ ಹಬೆ ಒಳಗೆ ನುಗ್ಗುವುದಿಲ್ಲ. ಅಲ್ಲಿ ಉಳಿದದ್ದು ಮುಂದಿನ ಸಲಕ್ಕೆ ಬೀಜ. ನೊರೆಯೂ ಶತ್ರುವೇ. ಉಕ್ಕಿ ಮೇಲಿನ ಗಾಳಿ ಹೋಗುವ ಫಿಲ್ಟರನ್ನು ಮುಟ್ಟಿದರೆ ಅದು ಒದ್ದೆ, ಒದ್ದೆ ಹತ್ತಿಯ ಕಥೆಯೇ ಮತ್ತೆ. ಮಾದರಿ ತೆಗೆಯುವ ಕೊಳಾಯಿಗೆ ತೆಗೆಯುವ ಮೊದಲು ಒಮ್ಮೆ, ತೆಗೆದ ಮೇಲೆ ಒಮ್ಮೆ ಹಬೆ ಹಾಯಿಸಿದರು. ಹೊಸ ಸೀಲ್ ಹಾಕಿದಾಗ ತಳಿ ಸೇರಿಸದೆ ಬರಿ ಮೀಡಿಯಾವನ್ನೇ ಒಂದೆರಡು ದಿನ ಓಡಿಸಿ, ಅದು ತಿಳಿಯಾಗಿಯೇ ಉಳಿಯಿತೇ ಎಂದು ಕಾಯುತ್ತಾರಂತೆ. ಏನೂ ಬೆಳೆಯದ ಹೊಲವನ್ನು ಎರಡು ದಿನ ಕಾಯುವ ಕೆಲಸ ನಾನು ಬೇರೆಲ್ಲೂ ಕೇಳಿಲ್ಲ.

ಕೊನೆಯದು ಪರೀಕ್ಷೆಯ ಮೇಜು. ನನ್ನ ಎಡವಟ್ಟಿಗೆ ಕಾರಣವಾದ ಕೆಂಪು ಬಣ್ಣದ ಗುಟ್ಟು ಇಲ್ಲಿ ತಿಳಿಯಿತು. ಪ್ಲೇಟಿನ ಮೀಡಿಯಾಕ್ಕೆ ಕಾಂಗೋ ರೆಡ್ ಎಂಬ ಬಣ್ಣ ಸೇರಿಸಿರುತ್ತಾರೆ. ರೈಜೋಬಿಯಂ ಆ ಬಣ್ಣವನ್ನು ಅಷ್ಟಾಗಿ ಹೀರುವುದಿಲ್ಲ, ಬೆಳ್ಳಗೆ ಹನಿಯಂತೆ ಹೊಳೆಯುತ್ತದೆ. ಬೆರಕೆ ಜೀವಿಗಳಲ್ಲಿ ಅನೇಕವು ಗಾಢ ಕೆಂಪಾಗಿಬಿಡುತ್ತವೆ. ಇನ್ನೊಂದು ಪ್ಲೇಟಿನಲ್ಲಿ ಗ್ಲೂಕೋಸ್ ಮತ್ತು ಪೆಪ್ಟೋನ್. ಅದರಲ್ಲಿ ರೈಜೋಬಿಯಂ ಅಷ್ಟಕ್ಕಷ್ಟೇ ಬೆಳೆಯುತ್ತದೆ, ಅಲ್ಲಿ ಸೊಂಪಾಗಿ ಬೆಳೆದರೆ ಅದು ಕಳೆ. ಎಲ್ಲಕ್ಕಿಂತ ನನಗೆ ಹಿಡಿಸಿದ ಪರೀಕ್ಷೆಗೆ ಬಣ್ಣವೂ ಬೇಡ, ಯಂತ್ರವೂ ಬೇಡ, ಕ್ಯಾಲೆಂಡರ್ ಸಾಕು. ಕಡಲೆಕಾಯಿಯ ರೈಜೋಬಿಯಂ ಕಣ್ಣಿಗೆ ಕಾಣಲು ಐದಾರು ದಿನ ಬೇಕು. ಮಾರನೇ ದಿನವೇ ಪ್ಲೇಟಿನಲ್ಲಿ ಏನಾದರೂ ಕಂಡರೆ? "ಬೇಗ ಬಂದದ್ದು ನಮ್ಮದಲ್ಲ" ಎಂದರು ಮೇಡಂ.

ಬೇರೆ ಬಣ್ಣಗಳನ್ನು ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಗುಲಾಬಿ ಬಣ್ಣದ ಗಿಡ್ಡ ಕಡ್ಡಿಗಳು, ಎಲ್ಲವೂ ಒಂದೇ ಅಚ್ಚು. ಪಕ್ಕದ ಸ್ಲೈಡಿನಲ್ಲಿ ನೇರಳೆ ಬಣ್ಣದ ದಪ್ಪ ಸರಪಳಿಗಳು ನಡುವೆ ತೂರಿದ್ದವು. ಅದು ಕೆಟ್ಟ ಬ್ಯಾಚಿನದು, ಕಲಿಯುವವರಿಗೆ ತೋರಿಸಲು ಇಟ್ಟದ್ದು. ಅಂಥ ಬ್ಯಾಚನ್ನು ಹಾಗೇ ಮೋರಿಗೆ ಬಿಡುವುದಿಲ್ಲ, ಮತ್ತೆ ಹಬೆಯಲ್ಲಿ ಬೇಯಿಸಿಯೇ ಚೆಲ್ಲುತ್ತಾರೆ. ಇಲ್ಲವಾದರೆ ಅದೇ ಕಳೆ ಕೋಣೆ ತುಂಬ ಬೀಜ ಎರಚಿ ಮುಂದಿನ ಬ್ಯಾಚಿಗೆ ಕಾದು ಕೂರುತ್ತದೆ.

ಹೊರಗಿನ ಶೆಡ್ಡಿನಲ್ಲಿ ಲಿಗ್ನೈಟ್ ಪುಡಿಯೊಂದಿಗೆ ಬೆರೆಸಿ ಪ್ಯಾಕೆಟ್ ಮಾಡುತ್ತಿದ್ದರು. 1985ರ ರಸಗೊಬ್ಬರ ನಿಯಂತ್ರಣ ಆದೇಶದೊಳಕ್ಕೆ ಜೈವಿಕ ಗೊಬ್ಬರಗಳನ್ನು 2006ರಲ್ಲಿ ಸೇರಿಸಿದ್ದಾರೆ. ಅದರಂತೆ ರೈಜೋಬಿಯಂ ಪುಡಿಯ ಒಂದು ಗ್ರಾಮಿನಲ್ಲಿ ಕನಿಷ್ಠ ಐದು ಕೋಟಿ ಜೀವಂತ ಕೋಶಗಳಿರಬೇಕು, ಒಂದು ಲಕ್ಷ ಪಟ್ಟು ತೆಳುಮಾಡಿದ ಮಾದರಿಯಲ್ಲಿ ಬೆರಕೆ ಕಾಣಬಾರದು. ಇಷ್ಟೆಲ್ಲ ಕಾಯ್ದ ತಳಿ ಕೊನೆಗೆ ಹೋಗುವುದು ಎಲ್ಲಿಗೆ? ಬರಿಗೈಯಲ್ಲಿ ಬೆಲ್ಲದ ನೀರಿಗೆ, ನೆರಳಲ್ಲಿ ಹರವಿದ ಬೀಜಕ್ಕೆ, ಅಲ್ಲಿಂದ ಒಂದು ಗ್ರಾಮಿನಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುವ ಮಣ್ಣಿಗೆ. ಹಾಗಾದರೆ ಇಷ್ಟು ಮಡಿ ಏಕೆ ಎಂದು ಕೇಳಿದೆ. "ಪ್ಯಾಕೆಟ್ ಮೇಲೆ ಯಾರ ಹೆಸರು ಬರೆದಿದ್ದೀವೋ ಒಳಗೆ ಅವರೇ ಇರಬೇಕಲ್ಲ ಸರ್. ಮಣ್ಣಲ್ಲಿ ಗುದ್ದಾಡೋಕೆ ಸಾಕಷ್ಟು ಜನಾನೂ ಇರಬೇಕು" ಎಂದರು.

ವಾಪಸು ಬರುವಾಗ ರಸ್ತೆ ಪಕ್ಕದ ಹೊಲದಲ್ಲಿ ಕಡಲೆಕಾಯಿ ಕೀಳುವುದಕ್ಕೆ ಇನ್ನೂ ತಿಂಗಳಿತ್ತು. ಹೊಲದವರನ್ನು ಕೇಳಿ ಒಂದು ಗಿಡ ಕಿತ್ತೆ. ಬೇರಿನ ತುಂಬ ಸಾಸಿವೆ ಗಾತ್ರದ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ಕೆಂಪು ಗುಲಾಬಿ, ಕೆಲಸ ಮಾಡುತ್ತಿರುವ ಗಂಟಿನ ಗುರುತು. ಫ್ರಿಜ್ಜಿನ ಮುಂದೆ ಬರಬೇಕಿದ್ದ ಪ್ರಶ್ನೆ ಆಗ ಬಂತು. ಬೇರು ರಾಸಾಯನಿಕಗಳನ್ನು ಸುರಿಸಿ ಕರೆಯುತ್ತದೆ, ಬ್ಯಾಕ್ಟೀರಿಯಾ ತನ್ನದೇ ರಾಸಾಯನಿಕದಲ್ಲಿ ಓಗೊಡುತ್ತದೆ, ಗುರುತು ಹೊಂದಿದವರಿಗೆ ಬಾಗಿಲು. ಕೋಟಿಗಟ್ಟಲೆ ಜೀವಿಗಳ ಸಂತೆಯ ನಡುವೆ, ಹಬೆಯಿಲ್ಲದೆ, ಫಿಲ್ಟರಿಲ್ಲದೆ, ಈ ಗಿಡ ಸಾಸಿವೆಯಷ್ಟಗಲದ ಕೋಣೆಯಲ್ಲಿ ತನಗೆ ಬೇಕಾದವರನ್ನೇ ಬೆಳೆಸಿಕೊಂಡಿತ್ತು. ನನ್ನ ಉಗುರಿನಲ್ಲಿ ಮಣ್ಣು ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಮೊಣಕೈವರೆಗೆ ತೊಳೆದ ಕೈ ಅದು.